ಮೂರು ಮೀಟರಿಗೂ ಮರ್ಲು ಹಿಡಿದಿದೆ: 60 ಎಚ್‌ಪಿ ಔಟ್‌ಬೋರ್ಡ್, ಎಲ್ಲಿಂದ ಹುಡುಕುದು?

ಪಡುಕೆರೆ_ದೋಣಿ

22 ಅಡಿ ಫೈಬರ್ ದೋಣಿ, ಹಿಂದೆ ಕಟ್ಟುವ 60 ಎಚ್‌ಪಿ ಟೂ ಸ್ಟ್ರೋಕ್ ಇಂಜಿನ್ (ಔಟ್‌ಬೋರ್ಡ್), ಕೀ ಸ್ಟಾರ್ಟ್, 12 ವೋಲ್ಟ್ 80 ಎಎಚ್ ಬ್ಯಾಟರಿ. ಸ್ಟಿಯರಿಂಗ್ ಪೆಟ್ಟಿಗೆಯಲ್ಲಿ ಮೂರು ಮೀಟರ್ ಉಂಟು. ತೊಂದರೆ ಹೀಗೆ:

ವೋಲ್ಟ್ ಮೀಟರ್: ಕೀ ಆನ್ ಮಾಡಿದಾಗ 12.2. ಬಿಲ್ಜ್ ಪಂಪ್ (ದೋಣಿಯ ತಳದ ನೀರು ಹೊರಗೆ ಹಾಕುವ ಪಂಪ್) ಮತ್ತು ಲೈಟ್ ಹಾಕಿದ ಕೂಡಲೇ 10.8. ಅದೇ ಹೊತ್ತಿಗೆ ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಟ್ಟರೆ 12.5.

ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು): ಐಡಲ್‌ನಲ್ಲೇ (ವೇಗ ಏರಿಸದೆ ಸುಮ್ಮನೆ ಓಡುವಾಗ) 1700 ತೋರಿಸ್ತದೆ, ಕಿವಿಗೆ ಅಷ್ಟು ಕೇಳುದಿಲ್ಲ. ಸ್ವಲ್ಪ ವೇಗ ಏರಿಸಿದರೆ ಮುಳ್ಳು ಕುಣಿಯಲಿಕ್ಕೆ ಶುರು. ಪಂಪ್ ಹಾಕಿದರೆ ಕೆಲವೊಮ್ಮೆ ಸೊನ್ನೆಗೆ ಬೀಳ್ತದೆ.

ಪೆಟ್ರೋಲ್: ಟ್ಯಾಂಕ್ ಖಾಲಿಯಾದ ಹಾಗೆ ಮುಳ್ಳು ಮೇಲೆ ಹೋಗ್ತದೆ! ಪೂರ್ತಿ ತುಂಬಿಸಿದಾಗ ಕಾಲು ಭಾಗಕ್ಕಿಂತ ಕೆಳಗೆ.

ಆರ್‌ಪಿಎಂ ಮತ್ತು ಪೆಟ್ರೋಲ್ ಮೀಟರ್ ಎರಡೂ ಇತ್ತೀಚೆಗೆ ಬದಲಿಸಿದ್ದು. ಮೂರನ್ನೂ ಮತ್ತೆ ಬದಲಿಸಬೇಕಾ?

ಧಕ್ಕೆ_ವೈರಿಂಗ್

ಸದ್ಯಕ್ಕೆ ಮೀಟರಿಗೆ ಒಂದು ರೂಪಾಯಿ ಹಾಕ್ಬೇಡಿ ಮಾರಾಯ್ರೆ. ನೀವು ಬರೆದದ್ದರಲ್ಲೇ ಉತ್ತರ ಉಂಟು. ಬ್ಯಾಟರಿಯಲ್ಲಿ 12.5, ಮೀಟರಿನಲ್ಲಿ 10.8. ನಡುವಿನ 1.7 ವೋಲ್ಟ್ ದಾರಿಯಲ್ಲಿ ಎಲ್ಲಿಯೋ ಸೋರ್ತಾ ಉಂಟು. ವೋಲ್ಟ್ ಮೀಟರ್ ಪಾಪ ಸತ್ಯವನ್ನೇ ಹೇಳ್ತಾ ಇರುದು, ಅದರ ಬೆನ್ನಿಗೆ ಬರುವುದೇ 10.8.

ಒಂದು ಮೀಟರ್ ಮಾತ್ರ ಕೆಟ್ಟರೆ ಆ ಮೀಟರ್, ಅದರ ಸೆಂಡರ್ (ಮೀಟರಿಗೆ ಅಳತೆ ಕಳಿಸುವ ಸಾಧನ), ಅವೆರಡರ ನಡುವಿನ ವೈರ್ ನೋಡಬೇಕು. ಎಲ್ಲವೂ ಒಟ್ಟಿಗೆ ಕುಣಿದರೆ ಎಲ್ಲದಕ್ಕೂ ಸೇರಿದ್ದನ್ನು ನೋಡಬೇಕು: ನೆಗೆಟಿವ್, ಕೀ ಸ್ವಿಚ್ಚಿನಿಂದ ಬರುವ ಪ್ಲಸ್, ಫ್ಯೂಸ್, ಇಂಜಿನ್ ಹಾರ್ನೆಸ್ಸಿನ (ಇಂಜಿನ್‌ನಿಂದ ಪೆಟ್ಟಿಗೆಗೆ ಬರುವ ವೈರುಗಳ ಕಟ್ಟಿನ) ಪ್ಲಗ್. ಉಪ್ಪುನೀರಿನಲ್ಲಿ ಮೊದಲು ಕೈಕೊಡುವುದು ನೆಗೆಟಿವ್.

ಪರೀಕ್ಷೆ ಹೀಗೆ ಮಾಡಿ. ಮಲ್ಟಿಮೀಟರ್ ಡಿಸಿ 20 ವೋಲ್ಟಿಗೆ ಇಡಿ. ಕೀ ಆನ್, ಪಂಪ್ ಆನ್, ಲೈಟ್ ಆನ್. ಲೋಡ್ ಇಲ್ಲದೆ ಅಳೆದರೆ ಏನೂ ಸಿಗುದಿಲ್ಲ. ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಸೀಸದ ಗುಬುಟಿನ ಮೇಲೆ, ಕ್ಲಾಂಪಿನ ಮೇಲಲ್ಲ. ಇನ್ನೊಂದು ಮೀಟರಿನ ಹಿಂದಿನ ಜಿಎನ್‌ಡಿ (ನೆಗೆಟಿವ್) ಬೋಲ್ಟಿನ ಮೇಲೆ. ಬರಬೇಕಾದ್ದು 0.2 ವೋಲ್ಟಿನ ಒಳಗೆ. ಆಮೇಲೆ ಬ್ಯಾಟರಿಯ ಪ್ಲಸ್ಸಿನಿಂದ ಮೀಟರಿನ ‘ಐ’ (ಕೀ ಸ್ವಿಚ್ಚಿನಿಂದ ಪ್ಲಸ್ ಬರುವ) ಬೋಲ್ಟಿಗೆ ಹಾಗೆಯೇ ಅಳೆಯಿರಿ. ಎರಡೂ ಕೂಡಿಸಿದರೆ ನಿಮ್ಮ 1.7ರ ಹತ್ತಿರ ಬರಬೇಕು. ಯಾವ ಕಡೆ ಜಾಸ್ತಿಯೋ ಆ ಕಡೆಯಿಂದ ಶುರು.

ಓಮ್ ಸ್ಕೇಲಿನಲ್ಲಿ ಇದು ಸಿಗುದಿಲ್ಲ. 6 ಆಂಪ್ಸ್ ಹರಿಯುವಾಗ 1.7 ವೋಲ್ಟ್ ಬಿದ್ದರೆ ಅಡ್ಡಿ ಬರೇ 0.28 ಓಮ್. ಸಾದಾ ಮೀಟರಿನ ಪ್ರೋಬುಗಳನ್ನು ಒಂದಕ್ಕೊಂದು ಮುಟ್ಟಿಸಿದರೇ ಅಷ್ಟು ತೋರಿಸ್ತದೆ.

ಉಪ್ಪುನೀರು

ಮೇಲಿನದಕ್ಕೆ ಒಂದು ಸೇರ್ಪಡೆ. ನೂರು ಎಳೆಯ ವೈರಿನಲ್ಲಿ ತೊಂಬತ್ತೊಂಬತ್ತು ಎಳೆ ಕಿಲುಬು ತಿಂದು ಹೋಗಿದ್ದು ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ ನಿಶ್ಚಿಂತೆಯಿಂದ 12.5 ತೋರಿಸುತ್ತದೆ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಅಷ್ಟು ಕಡಿಮೆ. ಅದಕ್ಕೆ ಬೈಕಿನ ಅಥವಾ ಕಾರಿನ 21 ವಾಟಿನ ಬ್ರೇಕ್ ಬಲ್ಬಿಗೆ ಎರಡು ವೈರ್ ಬೆಸೆದು ಟೆಸ್ಟ್ ಲ್ಯಾಂಪ್ ಮಾಡಿಟ್ಟುಕೊಳ್ಳಿ. ಅದು 1.75 ಆಂಪ್ಸ್ ಎಳೆಯುತ್ತದೆ. ಬ್ಯಾಟರಿಯ ಮೇಲೆ ಬೆಳ್ಳಗೆ ಉರಿದು, ಮೀಟರಿನ ಹಿಂದೆ ಕೆಂಪಗೆ ಮಿಣುಕಿದರೆ ವೈರ್ ಸತ್ತಿದೆ. ಎಲ್‌ಇಡಿ ಟೆಸ್ಟರ್ ಈ ಕೆಲಸಕ್ಕೆ ಪ್ರಯೋಜನವಿಲ್ಲ, ಸತ್ತ ವೈರಿನಲ್ಲೂ ಚೆನ್ನಾಗಿಯೇ ಉರಿಯುತ್ತದೆ.

ಆದರೆ ಈ 21 ವಾಟಿನ ಬಲ್ಬನ್ನು ಆರ್‌ಪಿಎಂ ಸಿಗ್ನಲ್ ವೈರಿಗಾಗಲಿ ಪೆಟ್ರೋಲ್ ಸೆಂಡರಿನ ವೈರಿಗಾಗಲಿ ಹಾಕಬಾರದು. ಪ್ಲಸ್ ಮತ್ತು ನೆಗೆಟಿವ್ ಹಾದಿಗೆ ಮಾತ್ರ.

ಗಂಗೊಳ್ಳಿ_ಕಡಲು

ಹ್ವಾಯ್, ಪೆಟ್ರೋಲ್ ಮೀಟರಿನ ಕತೆ ಬೇರೆ. ಅದು ವೈರಿಂಗ್ ಅಲ್ಲ, ಜೋಡಿ ತಪ್ಪಿದ್ದು. ಸೆಂಡರ್ ಹಳೆಯದು, ಮೀಟರ್ ಹೊಸದು, ಹೌದಲ್ಲ?

ಸೆಂಡರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಅಮೆರಿಕದ್ದು: ಖಾಲಿಗೆ 240 ಓಮ್, ತುಂಬಿದರೆ 33. ಯುರೋಪಿನದ್ದು: ಖಾಲಿಗೆ 10, ತುಂಬಿದರೆ 180. ಒಂದು ಇಳೀತದೆ, ಒಂದು ಏರ್ತದೆ. ಯುರೋಪಿನ ಸೆಂಡರಿಗೆ ಅಮೆರಿಕದ ಮೀಟರ್ ಹಾಕಿದರೆ ಖಾಲಿ ಟ್ಯಾಂಕಿನ 10 ಓಮನ್ನು ಅದು ‘ಫುಲ್’ಗಿಂತ ಮೇಲೆ ಅಂತ ಓದ್ತದೆ. ತುಂಬಿದ ಟ್ಯಾಂಕಿನ 180ನ್ನು ಕಾಲಿಗಿಂತ ಕಡಿಮೆ ಅಂತ ಓದ್ತದೆ. ನೀವು ಬರೆದದ್ದು ಇದೇ ಅಲ್ದಾ?

ಇದರಲ್ಲಿ ಮೋಸ ಎಲ್ಲಿ ಅಂದರೆ, ಅರ್ಧ ಟ್ಯಾಂಕಿನ ಹತ್ತಿರ ಎರಡೂ ಜಾತಿ ನೂರು ಓಮಿನ ಆಸುಪಾಸಿಗೆ ಬರ್ತದೆ. ಹಾಗಾಗಿ ಅರ್ಧ ಇರುವಾಗ ಮೀಟರ್ ಸರಿ ತೋರಿಸ್ತದೆ. ಅರ್ಧ ಟ್ಯಾಂಕಿನಲ್ಲಿ ಮೀಟರ್ ಕೂಡಿಸಿ, ನೋಡಿ, ‘ಸರಿ ಉಂಟು’ ಅಂತ ಕಡಲಿಗೆ ಇಳಿದವ ಖಾಲಿ ಟ್ಯಾಂಕಿನಲ್ಲಿ ‘ಫುಲ್’ ನೋಡ್ಕೊಂಡು ಅಳಿವೆಯ ಹೊರಗೆ ನಿಲ್ತಾನೆ.

ಖಾತ್ರಿ ಮಾಡುದು ಸುಲಭ. ಕೀ ಆಫ್. ಮೀಟರಿನ ‘ಎಸ್’ ಬೋಲ್ಟಿನಿಂದ ಸೆಂಡರ್ ವೈರ್ ಬಿಚ್ಚಿ, ಅದಕ್ಕೂ ನೆಗೆಟಿವ್‌ಗೂ ನಡುವೆ ಓಮ್ ಅಳೆಯಿರಿ. ಟ್ಯಾಂಕಿನಲ್ಲಿ ಎಷ್ಟು ಉಂಟು ಅಂತ ಕಡ್ಡಿ ಇಳಿಸಿ ನೋಡಿ, ಎರಡನ್ನೂ ಇಲ್ಲಿ ಬರೆಯಿರಿ.

ಕೋಡಿಬೇಂಗ್ರೆ

ಟ್ಯಾಂಕಿನ ಹತ್ತಿರ ಕೆಲಸ ಮಾಡುವ ಮೊದಲು ಹ್ಯಾಚ್ ತೆರೆದು ಕಾಲು ಗಂಟೆ ಗಾಳಿಯಾಡಲಿಕ್ಕೆ ಬಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬಿಲ್ಜಿನಲ್ಲಿ ಹೋಗಿ ಕೂತ್ಕೊಳ್ತದೆ. ವೈರ್ ಬಿಚ್ಚುದು, ಮುಟ್ಟಿಸುದು ಎಲ್ಲ ಮೀಟರಿನ ತುದಿಯಲ್ಲೇ ಮಾಡಿ, ಸೆಂಡರಿನ ತಲೆಯಲ್ಲಿ ಬೇಡ. ಸೆಂಡರಿಗೆ ನೇರ 12 ವೋಲ್ಟ್ ಯಾವತ್ತೂ ಕೊಡಬಾರದು, ಒಳಗಿನ ತಂತಿ ಸುಟ್ಟು ಹೋಗ್ತದೆ. ಅದು ಸುಡುವ ಜಾಗ ಟ್ಯಾಂಕಿನ ಒಳಗೆ ಅಂತ ನೆನಪಿರಲಿ.

ಪಡುಕೆರೆ_ದೋಣಿ

ಅಳೆದದ್ದು:
ಬ್ಯಾಟರಿ ನೆಗೆಟಿವ್‌ನಿಂದ ಮೀಟರ್ ಜಿಎನ್‌ಡಿಗೆ 1.3 ವೋಲ್ಟ್. ಪ್ಲಸ್ ಕಡೆ 0.4.
ಸೆಂಡರ್: ಕಡ್ಡಿಯಲ್ಲಿ ಸುಮಾರು ಮುಕ್ಕಾಲು ಟ್ಯಾಂಕ್, ಮಲ್ಟಿಮೀಟರಿನಲ್ಲಿ 136 ಓಮ್.

ಗಂಗೊಳ್ಳಿ_ಕಡಲು

ಮುಕ್ಕಾಲಿಗೆ 136 ಅಂದರೆ 10ರಿಂದ 180ರ ಜಾತಿ. ಅಮೆರಿಕದ್ದಾಗಿದ್ದರೆ ಅಷ್ಟು ಪೆಟ್ರೋಲಿಗೆ 100ಕ್ಕಿಂತ ಕೆಳಗೆ ಇರಬೇಕಿತ್ತು. ಸೆಂಡರ್ ಒಳ್ಳೆದುಂಟು, ಬಿಚ್ಚುಕ್ ಹೋಗ್ಬೇಡಿ. ಮೀಟರ್ ವಾಪಸ್ ಕೊಟ್ಟು 10-180ರದ್ದು ತನ್ನಿ. ಡಬ್ಬಿಯ ಮೇಲೆ ಅಥವಾ ಮೀಟರಿನ ಬೆನ್ನಿನಲ್ಲಿ ಬರೆದಿರ್ತದೆ. ಬರೆದಿಲ್ಲದಿದ್ದರೆ ಅಂಗಡಿಯಲ್ಲೇ 12 ವೋಲ್ಟ್ ಕೊಟ್ಟು ನೋಡಿ: ‘ಎಸ್’ ಖಾಲಿ ಬಿಟ್ಟಾಗ ಮುಳ್ಳು ‘ಖಾಲಿ’ಗೆ, ‘ಎಸ್’ ನೆಗೆಟಿವ್‌ಗೆ ಮುಟ್ಟಿಸಿದಾಗ ‘ಫುಲ್’ಗೆ ಹೋದರೆ ಅದು 240-33. ಉಲ್ಟಾ ಆದರೆ 10-180. ಎರಡಕ್ಕೂ ಅಲ್ಲಾಡದಿದ್ದರೆ ಮೀಟರೇ ಸತ್ತದ್ದು.

ಧಕ್ಕೆ_ವೈರಿಂಗ್

ನೆಗೆಟಿವ್ ಕಡೆ 1.3 ಅಂದರೆ ದೊಡ್ಡ ಕಳ್ಳ ಅಲ್ಲೇ ಇದ್ದಾನೆ. ಈಗ ಒಂದು ಪ್ರೋಬನ್ನು ಬ್ಯಾಟರಿ ಗುಬುಟಿನಲ್ಲೇ ಬಿಟ್ಟು ಇನ್ನೊಂದನ್ನು ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ತನ್ನಿ. ಮೊದಲು ಬ್ಯಾಟರಿ ಕ್ಲಾಂಪ್, ಆಮೇಲೆ ಇಂಜಿನ್ ಬ್ಲಾಕಿಗೆ ಕೇಬಲ್ ಕೂಡುವ ಬೋಲ್ಟ್, ಆಮೇಲೆ ಹಾರ್ನೆಸ್ ಪ್ಲಗ್ಗಿನ ಕಪ್ಪು ವೈರ್ ಇಂಜಿನ್ ಕಡೆ, ಅದೇ ಪ್ಲಗ್ ಪೆಟ್ಟಿಗೆ ಕಡೆ, ಕೊನೆಗೆ ಮೀಟರ್. ಅಂಕಿ ಎಲ್ಲಿ ಹಾರ್ತದೋ ಅದರ ಹಿಂದಿನ ಜೋಡಣೆಯೇ ಹಾಳು.

ಮತ್ತೊಂದು ಪ್ರಶ್ನೆ. ಪಂಪ್ ಹಾಕಿದರೆ ಮೀಟರ್ ಬೀಳುದು ಯಾಕೆ? ಪಂಪಿನ ನೆಗೆಟಿವ್ ಎಲ್ಲಿಗೆ ಕೊಟ್ಟಿದ್ದಾರೆ ನೋಡಿ. ಮೀಟರಿನ ಜಿಎನ್‌ಡಿ ಬೋಲ್ಟಿಗೇ ಸಿಕ್ಕಿಸಿರ್ತಾರೆ ಅಂತ ನನ್ನ ಗುಮಾನಿ.

ಪಡುಕೆರೆ_ದೋಣಿ

ಗುಮಾನಿ ಸರಿ. ಪಂಪ್, ಎರಡು ಲೈಟ್, ಹಾರ್ನ್, ಮೊಬೈಲ್ ಚಾರ್ಜರ್, ಎಲ್ಲದರ ನೆಗೆಟಿವ್ ಆರ್‌ಪಿಎಂ ಮೀಟರಿನ ಒಂದೇ ಬೋಲ್ಟಿನಲ್ಲಿ.

ಅಂಕಿ: ಕ್ಲಾಂಪ್ 0.02, ಬ್ಲಾಕ್ 0.06, ಪ್ಲಗ್ ಇಂಜಿನ್ ಕಡೆ 0.10, ಪ್ಲಗ್ ಪೆಟ್ಟಿಗೆ ಕಡೆ 0.75, ಮೀಟರ್ 1.3.

ಧಕ್ಕೆ_ವೈರಿಂಗ್

ಹಾಗಾದರೆ ಎರಡು ಕಡೆ ರೋಗ. ಪ್ಲಗ್ಗಿನ ಕಪ್ಪು ಪಿನ್ನಿನಲ್ಲಿ 0.65 ವೋಲ್ಟ್, ಅಲ್ಲಿಂದ ಮೀಟರಿಗೆ ಬರುವಾಗ 0.55.

ಪ್ಲಗ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೀರಿ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ತೆಗೆಯುದು ಮಾತ್ರ ಯಾವ ಕಾರಣಕ್ಕೂ ಬೇಡ. ಬ್ಯಾಟರಿಯ ಆಧಾರ ತಪ್ಪಿದ ಕೂಡಲೇ ವೋಲ್ಟೇಜ್ ಹಾರಿ ರೆಕ್ಟಿಫೈಯರ್ (ಇಂಜಿನ್ ಕೊಡುವ ಎಸಿಯನ್ನು ಬ್ಯಾಟರಿಗಾಗಿ ಡಿಸಿ ಮಾಡುವ ಸಾಧನ) ಹೋಗ್ತದೆ. ಪ್ಲಸ್ ಮೈನಸ್ ಉಲ್ಟಾ ಕೊಟ್ಟರೂ ಹಾಗೆಯೇ.

ಪಿನ್ ಹಸಿರಾಗಿದ್ದರೆ ನೈಲಾನ್ ಬ್ರಷ್ಷಿನಿಂದ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತಿಕ್ಕಿ. ಮರಳು ಕಾಗದ ಹಾಕಿದರೆ ಮೇಲಿನ ತವರದ ಲೇಪ ಹೋಗಿ ಮುಂದಿನ ಮಳೆಗಾಲಕ್ಕೆ ಮತ್ತೆ ಹಸಿರು. ಹೆಣ್ಣು ಪಿನ್ ಸಡಿಲ ಆಗಿದ್ದರೆ ಸಣ್ಣ ಸೂಜಿಯಿಂದ ಒಳಗಿನ ನಾಲಗೆಯನ್ನು ಒಂಚೂರು ಒತ್ತಿ ಬಿಗಿ ಮಾಡಿ. ಪಿನ್ ಕಪ್ಪಾಗಿ ಅದರ ಸುತ್ತಿನ ಪ್ಲಾಸ್ಟಿಕ್ ಕರಗಿದ್ದರೆ ತೊಳೆದು ಸಾಕಾಗುದಿಲ್ಲ, ಪಿನ್ ಬದಲಿಸಿ.

ಆಮೇಲೆ ಮುಖ್ಯ ಕೆಲಸ. ಹಾರ್ನೆಸ್ಸಿನ ಕಪ್ಪು ವೈರ್ ಇರುವುದು ಮೀಟರಿಗೆ, ಕೀ ಸ್ವಿಚ್ಚಿಗೆ. ಪಂಪಿನ ಭಾರ ಹೊರಲಿಕ್ಕೆ ಅಲ್ಲ. ಪೆಟ್ಟಿಗೆಯ ಒಳಗೆ ಒಂದು ನೆಗೆಟಿವ್ ಬಸ್‌ಬಾರ್ (ಎಲ್ಲ ನೆಗೆಟಿವ್ ವೈರ್ ಬಂದು ಸೇರುವ ಲೋಹದ ಪಟ್ಟಿ), ಒಂದು ಪ್ಲಸ್ ಫ್ಯೂಸ್ ಬಾಕ್ಸ್ ಕೂಡಿಸಿ. ಎರಡಕ್ಕೂ ಬ್ಯಾಟರಿಯಿಂದ ನೇರ ಕೇಬಲ್. ಪ್ಲಸ್ ಕೇಬಲಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಮುಖ್ಯ ಫ್ಯೂಸ್ ಬೇಕು. ಪಂಪ್, ಲೈಟ್, ಹಾರ್ನ್, ಚಾರ್ಜರ್ ಎಲ್ಲ ಇದಕ್ಕೆ. ಮೀಟರುಗಳು ಹಾರ್ನೆಸ್ಸಿನಲ್ಲೇ ಇರಲಿ.

ಹೊಸಬ_ಉಳ್ಳಾಲ

ಕೇಬಲ್ ಎಷ್ಟು ದಪ್ಪ ಬೇಕು? ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ಸಾಕಾ?

ಉಪ್ಪುನೀರು

ಲೆಕ್ಕ ಹಾಕಿ ನೋಡೋಣ. ತಾಮ್ರಕ್ಕೆ 0.0175ನ್ನು ಮೀಟರ್ ಉದ್ದದಿಂದ ಗುಣಿಸಿ ಸ್ಕ್ವೇರ್ ಎಂಎಂನಿಂದ ಭಾಗಿಸಿದರೆ ಓಮ್. ಬ್ಯಾಟರಿಯಿಂದ ಪೆಟ್ಟಿಗೆಗೆ 4 ಮೀಟರ್ ಎಂದರೆ ಹೋಗಿ ಬರುವ ದಾರಿ 8 ಮೀಟರ್. ಅರ್ಧ ದಾರಿಯ ಲೆಕ್ಕ ಹಾಕಿ ಮೋಸ ಹೋಗುವವರೇ ಹೆಚ್ಚು. 10 ಆಂಪ್ಸ್ ಲೋಡಿಗೆ:

2.5 ಸ್ಕ್ವೇರ್: 0.56 ವೋಲ್ಟ್ ನಷ್ಟ
4 ಸ್ಕ್ವೇರ್: 0.35
6 ಸ್ಕ್ವೇರ್: 0.23

12 ವೋಲ್ಟಿನ ಶೇಕಡಾ 3 ಎಂದರೆ 0.36. ನ್ಯಾವಿಗೇಶನ್ ಲೈಟ್, ಬಿಲ್ಜ್ ಪಂಪಿನಂಥವಕ್ಕೆ ಇದು ಮಿತಿ. 4 ಸ್ಕ್ವೇರ್ ಕೂದಲೆಳೆಯಲ್ಲಿ ಪಾಸು, 6 ನೆಮ್ಮದಿ. ಮನೆ ವೈರಿನ ತಾಮ್ರಕ್ಕೆ ತವರದ ಲೇಪ ಇರುವುದಿಲ್ಲ. ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಹಾಕಿದ ಕಡೆಯಿಂದ ನೀರು ಹೀರಿಕೊಂಡು ಇನ್ಸುಲೇಶನ್ ಒಳಗೇ ಗೇಣುಗಟ್ಟಲೆ ಕಪ್ಪಾಗುತ್ತದೆ. ಸಿಕ್ಕರೆ ತವರ ಲೇಪದ ಮೆರೈನ್ ವೈರ್. ಸಿಗದಿದ್ದರೆ ಮನೆ ವೈರನ್ನೇ ಹಾಕಿ, ಆದರೆ ತುದಿಗಳನ್ನು ಒಳಗೆ ಅಂಟು ಇರುವ ಹೀಟ್ ಶ್ರಿಂಕ್‌ನಿಂದ ಪೂರ್ತಿ ಮುಚ್ಚಿ, ಎರಡು ವರ್ಷಕ್ಕೊಮ್ಮೆ ಕತ್ತರಿಸಿ ನೋಡಿ.

ಹೊಸಬ_ಉಳ್ಳಾಲ

ಕಿಲುಬಿಗೆ ಹುಣಸೆಹುಳಿ ಹಾಕಿ ತಿಕ್ಕಿದರೆ ಆಗ್ತದಾ? ಆಮೇಲೆ ತೆಂಗಿನೆಣ್ಣೆ ಹಚ್ಚಿದರೆ?

ಧಕ್ಕೆ_ವೈರಿಂಗ್

ಹುಳಿ ಹಾಕಿದರೆ ಚೆಂಬಿನ ಹಾಗೆ ಹೊಳೀತದೆ, ಅದು ಹೌದು. ಆದರೆ ಎಳೆಗಳ ನಡುವೆ ಹುಳಿ ಉಳಿದರೆ ಒಳಗಿಂದ ತಿನ್ನಲಿಕ್ಕೆ ಶುರು. ಮಾಡಲೇಬೇಕಿದ್ದರೆ ಅಡುಗೆ ಸೋಡಾ ನೀರಿನಲ್ಲಿ, ಆಮೇಲೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಬೋಲ್ಟಿಗೆ, ಲಗ್ಗಿಗೆ ಸರಿ. ಪ್ಲಗ್ಗಿನ ಒಳಗೆ ಬೇಡ.

ತೆಂಗಿನೆಣ್ಣೆ ಮೀನು ಹುರಿಯಲಿಕ್ಕೆ ಇಟ್ಟುಕೊಳ್ಳಿ. ಜೋಡಣೆಗೆ ಡೈಎಲೆಕ್ಟ್ರಿಕ್ ಗ್ರೀಸ್, ಇಲ್ಲದಿದ್ದರೆ ಬ್ಯಾಟರಿ ತುದಿಗೆ ಪೆಟ್ರೋಲಿಯಂ ಜೆಲ್ಲಿ. ಮೊದಲು ಬಿಗಿ ಮಾಡಿ, ಆಮೇಲೆ ಮೇಲಿಂದ ಹಚ್ಚುದು.

ಕೋಡಿಬೇಂಗ್ರೆ

ಲಗ್ಗಿಗೆ ಕ್ರಿಂಪ್ (ಒತ್ತಿ ಕೂಡಿಸುದು) ಬೇಡ, ಸಾಲ್ಡರ್ (ಬೆಸುಗೆ) ಮಾಡಿ. ಕ್ರಿಂಪ್ ಸಡಿಲ ಆಗ್ತದೆ.

ಧಕ್ಕೆ_ವೈರಿಂಗ್

ಇಕ್ಕಳದಿಂದ ಚಪ್ಪಟೆ ಮಾಡಿದ್ದನ್ನು ಕ್ರಿಂಪ್ ಅಂತ ಕರೆದರೆ ಸಡಿಲ ಆಗದೆ ಮತ್ತೇನು? ರ‍್ಯಾಚೆಟ್ ಇರುವ ಕ್ರಿಂಪಿಂಗ್ ಟೂಲಿನಲ್ಲಿ, ವೈರಿನ ಅಳತೆಗೆ ಸರಿಯಾದ ಲಗ್ ಹಾಕಿ ಒತ್ತಿ, ಕೈಯಲ್ಲಿ ಜೋರಾಗಿ ಎಳೆದು ನೋಡಿ. ಬರಬಾರದು. ಸಾಲ್ಡರ್ ಎಳೆಗಳ ಒಳಗೆ ಏರಿ ವೈರನ್ನು ಕಡ್ಡಿ ಮಾಡ್ತದೆ, ಆ ಕಡ್ಡಿ ಮುಗಿದು ಮೆದು ಶುರುವಾಗುವ ಜಾಗದಲ್ಲಿ ಇಂಜಿನ್ ಕಂಪನಕ್ಕೆ ತುಂಡಾಗ್ತದೆ. ದೋಣಿಗೆ ಸಾಲ್ಡರ್ ಒಂದೇ ನಂಬಿ ಕೂರುದು ಬೇಡ ಅಂತ ನನ್ನ ಅಭಿಪ್ರಾಯ. ಇನ್ಸುಲೇಶನ್ ಟೇಪ್ ಅಂತೂ ಬೇಡವೇ ಬೇಡ, ಬಿಸಿಲಿಗೆ ಅಂಟು ಕರಗಿ ಉಪ್ಪುನೀರನ್ನು ಒಳಗೆ ಹಿಡಿದಿಟ್ಟುಕೊಳ್ತದೆ.

ಗಂಗೊಳ್ಳಿ_ಕಡಲು

ಆರ್‌ಪಿಎಂ ಮೀಟರಿನ ವಿಷಯ ಬಾಕಿ ಉಂಟು. ಐಡಲ್‌ನಲ್ಲಿ 1700 ತೋರಿಸುದು ನೆಗೆಟಿವ್‌ನಿಂದ ಅಲ್ಲ, ಮೀಟರಿನ ಬೆನ್ನಿನ ಸೆಲೆಕ್ಟರ್ (ತಿರುಗಿಸುವ ಸಣ್ಣ ಸ್ವಿಚ್) ತಪ್ಪು.

ಫ್ಲೈವೀಲಿನ ಅಯಸ್ಕಾಂತ ತಿರುಗುವಾಗ ಸ್ಟೇಟರಿನಿಂದ (ಅದರ ಒಳಗಿನ ತಂತಿ ಸುರುಳಿಯಿಂದ) ಬರುವ ಎಸಿ ಮಿಡಿತಗಳನ್ನು ಮೀಟರ್ ಎಣಿಸ್ತದೆ. ಒಂದು ಸುತ್ತಿಗೆ ಎಷ್ಟು ಮಿಡಿತ ಅಂತ ಹೇಳ್ಕೊಡುದು ಸೆಲೆಕ್ಟರ್. 12 ಧ್ರುವದ ಇಂಜಿನಿಗೆ ಸುತ್ತಿಗೆ 6 ಮಿಡಿತ, 6 ಧ್ರುವಕ್ಕೆ 3, 4 ಧ್ರುವಕ್ಕೆ 2. 12 ಧ್ರುವದ ಇಂಜಿನಿಗೆ 6ರಲ್ಲಿ ಇಟ್ಟರೆ ಸರೀ ದುಪ್ಪಟ್ಟು ತೋರಿಸ್ತದೆ.

ನಿಮ್ಮ ಮಲ್ಟಿಮೀಟರಿನಲ್ಲಿ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಮಿಡಿತ) ಇದ್ದರೆ ಸಿಗ್ನಲ್ ವೈರಿಗೂ ನೆಗೆಟಿವ್‌ಗೂ ಹಿಡಿದು ಐಡಲ್‌ನಲ್ಲಿ ಓದಿ. 12 ಧ್ರುವಕ್ಕೆ ಹರ್ಟ್ಸನ್ನು 10ರಿಂದ ಗುಣಿಸಿದರೆ ಆರ್‌ಪಿಎಂ. 6ಕ್ಕೆ 20ರಿಂದ, 4ಕ್ಕೆ 30ರಿಂದ. ಯಾವ ಉತ್ತರ ನಂಬುವ ಹಾಗಿರ್ತದೋ ಅದೇ ನಿಮ್ಮದು. ಸರ್ವಿಸ್ ಪುಸ್ತಕದಲ್ಲೂ ಧ್ರುವದ ಲೆಕ್ಕ ಇರ್ತದೆ, ಒಮ್ಮೆ ತಾಳೆ ನೋಡಿ.

ಸೆಲೆಕ್ಟರ್ ತಿರುಗಿಸುವಾಗ ಕೀ ಆಫ್ ಇರಲಿ. ಸಣ್ಣ ಸ್ಕ್ರೂಡ್ರೈವರಿನಲ್ಲಿ ಮೆಲ್ಲ ಒತ್ತಿ ಆಚೆ ಈಚೆ ಏಳೆಂಟು ಸಲ ತಿರುಗಿಸಿ, ಆಮೇಲೆ ಬೇಕಾದ ಸ್ಥಾನಕ್ಕೆ ತನ್ನಿ. ಒಳಗಿನ ತಗಡಿನ ಮೇಲೆ ಕೂತ ಕಿಲುಬು ಇದರಿಂದಲೇ ಹೋಗ್ತದೆ. ಮುಳ್ಳು ಕುಣಿಯುವ ಎಷ್ಟೋ ಮೀಟರುಗಳಿಗೆ ಇಷ್ಟೇ ಮದ್ದು.

ಇಂಜಿನ್ ದಡದಲ್ಲಿ ಓಡಿಸುದಾದರೆ ನೀರಿನ ಪೈಪಿಗೆ ಫ್ಲಶ್ ಮಫ್ (ಇಂಜಿನ್ನಿಗೆ ನೀರು ಕೊಡುವ ರಬ್ಬರ್ ಕಪ್) ಹಾಕಿಯೇ ಓಡಿಸಿ. ನೀರಿಲ್ಲದೆ ಅರ್ಧ ನಿಮಿಷವೂ ಬೇಡ, ರಬ್ಬರ್ ಇಂಪೆಲ್ಲರ್ ಸುಟ್ಟು ಹೋಗ್ತದೆ. ಗೇರ್ ನ್ಯೂಟ್ರಲ್, ಫ್ಯಾನಿನ (ಪ್ರೊಪೆಲ್ಲರಿನ) ಹತ್ತಿರ ಯಾರೂ ನಿಲ್ಲಬಾರದು.

ಹೆಜಮಾಡಿ_ತೀರ

ನಮ್ಮಲ್ಲಿ ಆರ್‌ಪಿಎಂ ಪೂರಾ ಸತ್ತಿದೆ, 40 ಎಚ್‌ಪಿ. ಸಿಗ್ನಲ್ ವೈರ್ ಯಾವುದು? ಹಳದಿ ಅಂತ ಕೇಳಿದ್ದೇನೆ.

ಕೋಡಿಬೇಂಗ್ರೆ

ಹೌದು, ಹಳದಿ ಅಂದರೆ ಸಿಗ್ನಲ್.

ಉಪ್ಪುನೀರು

ನಿಲ್ಲಿ! ಕಂಪನಿ ಕೇಳದೆ ಬಣ್ಣ ಹೇಳಬೇಡಿ. ಇದರಿಂದಲೇ ಮೀಟರುಗಳು ಸುಡುವುದು.

ಸುಝುಕಿಯಲ್ಲಿ ಹಳದಿ ಸಿಗ್ನಲ್, ಬೂದು ಬಣ್ಣ ಕೀ ಆನ್ 12 ವೋಲ್ಟ್.
ಯಮಹಾದಲ್ಲಿ ಹಳದಿಯೇ ಕೀ ಆನ್ 12 ವೋಲ್ಟ್, ಹಸಿರು ಸಿಗ್ನಲ್.
ಮರ್ಕ್ಯುರಿ, ಜಾನ್ಸನ್, ಎವಿನ್‌ರೂಡ್‌ಗಳಲ್ಲಿ ನೇರಳೆ 12 ವೋಲ್ಟ್, ಬೂದು ಸಿಗ್ನಲ್.

ಕಪ್ಪು ಎಲ್ಲದರಲ್ಲೂ ನೆಗೆಟಿವ್. ಅಂದರೆ ಹಳದಿ ಮತ್ತು ಬೂದು ಎರಡೂ ಕಂಪನಿ ಬದಲಾದಂತೆ ಅರ್ಥ ಬದಲಿಸುವ ಬಣ್ಣಗಳು. ಇದು ಸಾಲದು ಎಂಬಂತೆ ಅಮೆರಿಕದ ದೋಣಿ ವೈರಿಂಗ್ ನಿಯಮದಲ್ಲಿ ಹಳದಿಯನ್ನು ಡಿಸಿ ನೆಗೆಟಿವ್‌ಗೂ ಬಳಸುತ್ತಾರೆ. ಅದರ ಮೇಲೆ, ಹಳೆಯ ದೋಣಿಯಲ್ಲಿ ಮೂರು ಮೆಕ್ಯಾನಿಕ್‌ಗಳು ಕೈಗೆ ಸಿಕ್ಕ ವೈರ್ ಜೋಡಿಸಿರುತ್ತಾರೆ. ಬಣ್ಣ ಸುಳಿವು ಮಾತ್ರ, ಸಾಕ್ಷಿ ಮಲ್ಟಿಮೀಟರ್. ಕೀ ಆನ್ ಮಾಡಿ, ಇಂಜಿನ್ ನಿಂತಿರುವಾಗ ಯಾವ ವೈರಿನಲ್ಲಿ 12 ವೋಲ್ಟ್ ಡಿಸಿ ಇದೆಯೋ ಅದು ಪ್ಲಸ್. ಇಂಜಿನ್ ಓಡುವಾಗ ಯಾವುದರಲ್ಲಿ ಹರ್ಟ್ಸ್ ಏರುತ್ತದೋ ಅದು ಸಿಗ್ನಲ್.

ಕೋಡಿಬೇಂಗ್ರೆ

ಸರಿ, ನನ್ನದು ತಪ್ಪು. ಸುಝುಕಿ ತಲೆಯಲ್ಲಿಟ್ಟುಕೊಂಡು ಹೇಳಿದೆ.

ಗಂಗೊಳ್ಳಿ_ಕಡಲು

ಹೆಜಮಾಡಿಯವರೇ, ಬ್ಯಾಟರಿ ಚಾರ್ಜ್ ಆಗ್ತದಾ? ಮೊದಲು ಅದು ಹೇಳಿ. 3000 ಆರ್‌ಪಿಎಂ ಅಂದಾಜಿಗೆ ಓಡಿಸಿ ಬ್ಯಾಟರಿಯ ಮೇಲೆ ವೋಲ್ಟ್ ಅಳೆಯಿರಿ. 13.8ರಿಂದ 14.5 ಬಂದರೆ ಚಾರ್ಜಿಂಗ್ ಸರಿ, ವೈರ್ ಅಥವಾ ಮೀಟರ್ ನೋಡಿ. 12.4ರಲ್ಲೇ ನಿಂತಿದ್ದರೆ ಆರ್‌ಪಿಎಂ ಮೀಟರಿನ ಗೊಡವೆ ಬಿಟ್ಟು ರೆಕ್ಟಿಫೈಯರ್ ನೋಡಿ. ಹಳೆಯ ಟೂ ಸ್ಟ್ರೋಕುಗಳಲ್ಲಿ ಚಾರ್ಜಿಂಗ್, ಆರ್‌ಪಿಎಂ ಸಿಗ್ನಲ್ ಎರಡಕ್ಕೂ ಮೂಲ ಒಂದೇ. 15ಕ್ಕಿಂತ ಮೇಲೆ ಹೋದರೆ ರೆಗ್ಯುಲೇಟರ್ (ವೋಲ್ಟ್ ಮಿತಿಯಲ್ಲಿಡುವ ಸಾಧನ) ಕೈಬಿಟ್ಟಿದೆ, ಬ್ಯಾಟರಿ ಕುದಿಯುವ ಮೊದಲು ನಿಲ್ಲಿಸಿ.

ಹೆಜಮಾಡಿ_ತೀರ

12.3. ಏರುದೇ ಇಲ್ಲ.

ಗಂಗೊಳ್ಳಿ_ಕಡಲು

ಬ್ಯಾಟರಿ ತೆಗೆದಿಟ್ಟು, ಸ್ಟೇಟರಿನಿಂದ ರೆಕ್ಟಿಫೈಯರಿಗೆ ಬರುವ ಎರಡು ಎಸಿ ವೈರ್ ಬಿಚ್ಚಿ. ಆ ಎರಡರ ನಡುವೆ ಓಮ್ ಬಹಳ ಕಡಿಮೆ ಇರಬೇಕು. ನಿಖರ ಅಂಕಿ ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕದಲ್ಲಿ. ಪ್ರತಿಯೊಂದರಿಂದ ಇಂಜಿನ್ ಬ್ಲಾಕಿಗೆ ಏನೂ ಬರಬಾರದು. ಬಂದರೆ ಸ್ಟೇಟರ್ ಒಳಗೆ ಶಾರ್ಟ್.

ಅದು ಸರಿ ಇದ್ದರೆ ರೆಕ್ಟಿಫೈಯರಿಗೆ ಡಯೋಡ್ ಪರೀಕ್ಷೆ. ಮಲ್ಟಿಮೀಟರಿನಲ್ಲಿ ಡಯೋಡ್ ಗುರುತಿಗೆ ಇಟ್ಟು, ಒಂದೊಂದು ಎಸಿ ತುದಿಯಿಂದ ಪ್ಲಸ್‌ಗೆ, ಆಮೇಲೆ ನೆಗೆಟಿವ್‌ಗೆ, ಪ್ರೋಬ್ ಅದಲು ಬದಲು ಮಾಡಿ ಹಿಡಿಯಿರಿ. ಒಂದು ದಿಕ್ಕಿನಲ್ಲಿ 0.4ರಿಂದ 0.7, ಇನ್ನೊಂದರಲ್ಲಿ ಓಎಲ್ (ಕರೆಂಟ್ ದಾಟುದಿಲ್ಲ ಅಂತ ಅರ್ಥ). ಎರಡೂ ಕಡೆ ಸೊನ್ನೆ ಬಂದರೆ ಡಯೋಡ್ ಶಾರ್ಟ್, ಎರಡೂ ಕಡೆ ಓಎಲ್ ಬಂದರೆ ತುಂಡು. ಬರೇ ರೆಕ್ಟಿಫೈಯರ್ ಇದ್ದರೆ ಈ ಪರೀಕ್ಷೆ ನಂಬಬಹುದು. ರೆಗ್ಯುಲೇಟರ್ ಸೇರಿದ್ದಾದರೆ ಪುಸ್ತಕದ ಪಟ್ಟಿ ಹಿಡಿದೇ ಅಳೆಯಬೇಕು.

ಹೊಸದು ಹಾಕುವ ಮೊದಲು ಹಳೆಯದು ಹೋದದ್ದು ಯಾಕೆ ನೋಡಿ. ಬ್ಯಾಟರಿಗೆ ಚಿಟ್ಟೆ ನಟ್ (ಕೈಯಲ್ಲಿ ತಿರುಗಿಸುವ ರೆಕ್ಕೆಯ ನಟ್) ಹಾಕಿದ್ದರೆ ತೆಗೆದು ಸ್ಪ್ರಿಂಗ್ ವಾಶರ್ ಸಮೇತ ಆರು ಮೂಲೆಯ ನಟ್ ಹಾಕಿ. ಅಲೆಗೆ ಚಿಟ್ಟೆ ನಟ್ ಸಡಿಲ ಆಗ್ತದೆ, ಬ್ಯಾಟರಿ ಕ್ಷಣ ಬಿಟ್ಟು ಕ್ಷಣ ಮುಟ್ತದೆ, ರೆಕ್ಟಿಫೈಯರ್ ಹೋಗ್ತದೆ.

ಹೊಸಬ_ಉಳ್ಳಾಲ

ಡಿಜಿಟಲ್ ಡಿಸ್‌ಪ್ಲೇ ಇರುವವರಿಗೆ ಇದರಲ್ಲಿ ಎಂತದೂ ಅನ್ವಯ ಆಗುದಿಲ್ಲವಾ?

ಉಪ್ಪುನೀರು

ಪ್ಲಸ್, ನೆಗೆಟಿವ್ ಪರೀಕ್ಷೆ ಹಾಗೆಯೇ. ಸಿಗ್ನಲ್ ಕಡೆ ಎನ್‌ಎಂಇಎ 2000 (ದೋಣಿಯ ಉಪಕರಣಗಳನ್ನು ಒಂದೇ ಕೇಬಲಿನಲ್ಲಿ ಜೋಡಿಸುವ ಜಾಲ) ಇದ್ದರೆ ಎಲ್ಲದರ ಕರೆಂಟ್ ಆಫ್ ಮಾಡಿ, ಬಿಳಿ ಮತ್ತು ನೀಲಿ ವೈರಿನ ನಡುವೆ ಓಮ್ ಅಳೆಯಿರಿ. 60 ಬರಬೇಕು, ಎರಡು ತುದಿಯ ಎರಡು 120 ಓಮ್ ಟರ್ಮಿನೇಟರುಗಳು (ಕೇಬಲಿನ ಕೊನೆಗೆ ಹಾಕುವ ರೆಸಿಸ್ಟರುಗಳು) ಸೇರಿ. 120 ಬಂದರೆ ಒಂದು ಟರ್ಮಿನೇಟರ್ ಇಲ್ಲ ಅಥವಾ ಕೇಬಲ್ ತುಂಡು. 40 ಬಂದರೆ ಯಾರೋ ಮೂರನೆಯದು ಹಾಕಿದ್ದಾರೆ. ಒಂದೊಂದು ಉಪಕರಣಕ್ಕೆ ಇಳಿಯುವ ಕವಲು ಕೇಬಲ್ 6 ಮೀಟರ್ ಮೀರಬಾರದು.

ಪಡುಕೆರೆ_ದೋಣಿ

ಇಲ್ಲಿವರೆಗೆ ಆದದ್ದು:

ಹಾರ್ನೆಸ್ ಪ್ಲಗ್ಗಿನ ಕಪ್ಪು ಪಿನ್ ಬದಲಿಸಿದ್ದು. ಪ್ಲಗ್ಗಿನಿಂದ ಮೀಟರಿಗೆ ಬರುವ ಕಪ್ಪು ವೈರ್ ಸೀಳಿ ನೋಡಿದರೆ ಒಳಗೆ ಅರ್ಧ ಅಡಿ ಮಸಿ ಹಿಡಿದಿತ್ತು, ಅದನ್ನೂ ಬದಲಿಸಿದ್ದು. ಪಂಪ್, ಲೈಟ್, ಹಾರ್ನ್, ಚಾರ್ಜರ್ 6 ಸ್ಕ್ವೇರ್ ಕೇಬಲಿನಲ್ಲಿ ಬೇರೆ ಬಸ್‌ಬಾರಿಗೆ. ಪ್ಲಸ್ ಕಡೆಯ 0.4ರಲ್ಲಿ 0.3 ಗಾಜಿನ ಫ್ಯೂಸ್ ಹೋಲ್ಡರಿನಲ್ಲೇ ಬೀಳ್ತಿತ್ತು, ಅದನ್ನು ತೆಗೆದು ಮುಚ್ಚಳ ಇರುವ ಬ್ಲೇಡ್ ಫ್ಯೂಸ್ ಹಾಕಿದ್ದು.

ಈಗ ಎಲ್ಲ ಆನ್ ಇರುವಾಗ ನೆಗೆಟಿವ್ 0.06, ಪ್ಲಸ್ 0.11. ಬ್ಯಾಟರಿ 12.5, ಮೀಟರ್ 12.3. ಐಡಲ್‌ನಲ್ಲಿ ಸಿಗ್ನಲ್ 85 ಹರ್ಟ್ಸ್, ಸೆಲೆಕ್ಟರ್ 6ರಲ್ಲಿತ್ತು, 12ಕ್ಕೆ ಇಟ್ಟ ಮೇಲೆ 850. ಮುಳ್ಳು ಕುಣಿಯುದಿಲ್ಲ. 3000ದಲ್ಲಿ ಬ್ಯಾಟರಿಯ ಮೇಲೆ 14.1.

10-180ರ ಪೆಟ್ರೋಲ್ ಮೀಟರ್ ಹಾಕಿದ ಮೇಲೆ ದಿಕ್ಕು ಸರಿ ಆಗಿದೆ. ಆದರೆ 60 ಲೀಟರ್ ಟ್ಯಾಂಕಿಗೆ 30 ಹಾಕಿದರೆ ಮುಳ್ಳು ಅರ್ಧಕ್ಕಿಂತ ಸಾಕಷ್ಟು ಮೇಲೆ ನಿಲ್ತದೆ.

ಕೋಡಿಬೇಂಗ್ರೆ

ಟ್ಯಾಂಕಿನ ತಳ ದೋಣಿಯ ತಳಕ್ಕೆ ಹೊಂದುವ ಹಾಗೆ ‘ವಿ’ ಆಕಾರದಲ್ಲಿ ಉಂಟಾ? ಹಾಗಿದ್ದರೆ ಮೀಟರ್ ತಪ್ಪಲ್ಲ. ಸೆಂಡರ್ ಅಳೆಯುದು ಎತ್ತರ, ಲೀಟರ್ ಅಲ್ಲ. ಅಂಥ ಟ್ಯಾಂಕಿನಲ್ಲಿ ಮೇಲಿನ ಅರ್ಧ ಎತ್ತರದಲ್ಲಿ ಪೆಟ್ರೋಲ್ ಜಾಸ್ತಿ, ಕೆಳಗಿನ ಅರ್ಧದಲ್ಲಿ ಕಡಿಮೆ. ಅರ್ಧದಿಂದ ಕೆಳಗೆ ಮುಳ್ಳು ಬೇಗ ಬೇಗ ಇಳೀತದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ದೋಣಿ ಸಮತಟ್ಟಾಗಿ ನಿಂತಿರುವಾಗ, ಟ್ಯಾಂಕ್ ಖಾಲಿ ಮಾಡಿ 5 ಲೀಟರ್, 5 ಲೀಟರ್ ಹಾಗೆ ಹಾಕ್ತಾ ಹೋಗಿ. ಪ್ರತಿ ಸಲ ಮುಳ್ಳು ನಿಲ್ಲಲಿಕ್ಕೆ ಒಂದು ನಿಮಿಷ ಬಿಟ್ಟು ಮೀಟರಿನ ಗಾಜಿನ ಮೇಲೆ ಸಣ್ಣ ಗೆರೆ ಹಾಕಿ. ಒಣ ಬಿದಿರಿನ ಕಡ್ಡಿಯಲ್ಲೂ ಅದೇ ಅಳತೆ ಗೀರಿ ಇಟ್ಟುಕೊಳ್ಳಿ.

ಪಡುಕೆರೆ_ದೋಣಿ

‘ವಿ’ ಆಕಾರವೇ. ಗೆರೆ ಹಾಕ್ತೇನೆ.

ಧಕ್ಕೆ_ವೈರಿಂಗ್

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧಕ್ಕೆ ಹೇಗೂ ದೋಣಿ ದಡದ ಮೇಲೆ ಇರ್ತದಲ್ಲ, ಆಗ ಬ್ಯಾಟರಿ ತೆಗೆದು ಮನೆಯಲ್ಲಿಡಿ, ತಿಂಗಳಿಗೊಮ್ಮೆ ಅಳೆದು 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಿ. ಪೆಟ್ಟಿಗೆಯ ಮೇಲೆ ಟಾರ್ಪಾಲ್ ಹಾಕುವಾಗ ಬಿಗಿದು ಕಟ್ಟಬೇಡಿ, ಕೆಳಗಿಂದ ಗಾಳಿ ಆಡಬೇಕು. ಇಲ್ಲದಿದ್ದರೆ ಮೀಟರಿನ ಗಾಜಿನ ಒಳಗೆ ಬೆವರು ನಿಲ್ತದೆ. ಆಗಸ್ಟಿನಲ್ಲಿ ಇಳಿಸುವ ಮೊದಲು ಅದೇ ಎರಡು ಅಳತೆ ಮತ್ತೆ ತೆಗೀರಿ. ಈಗಿನ 0.06 ಮತ್ತು 0.11 ಪೆಟ್ಟಿಗೆಯ ಒಳಬದಿಯಲ್ಲಿ ಮಾರ್ಕರಿನಲ್ಲಿ ಬರೆದಿಟ್ಟರೆ ತಾಳೆ ನೋಡಲಿಕ್ಕೆ ಸುಲಭ.

ಹೆಜಮಾಡಿ_ತೀರ

ರೆಕ್ಟಿಫೈಯರಿನಲ್ಲಿ ಒಂದು ಎಸಿ ತುದಿಯಿಂದ ಪ್ಲಸ್‌ಗೆ ಎರಡೂ ದಿಕ್ಕಿನಲ್ಲಿ ಸೊನ್ನೆ. ಬ್ಯಾಟರಿಯಲ್ಲಿ ಚಿಟ್ಟೆ ನಟ್ಟೇ ಇತ್ತು.